ಬೇವಿನ ಕೋಲು

ಹ್ಯಾಂಡಲ್ ತಿರುಗಿ ಬಡಿದ ರಭಸಕ್ಕೆ ಬೀರಣ್ಣನ ಮುಂಗೈ ಮುರಿದೇ ಹೋಯಿತೇನೋ ಅನ್ನಿಸಿತು. ಹ್ಯಾಂಡಲನ್ನು ಕಾರಿನ ಮೂತಿಯಲ್ಲೇ ಬಿಟ್ಟು, ಮುಂಗೈಯನ್ನು ಕಂಕುಳಲ್ಲಿ ಒತ್ತಿ ಹಿಡಿದುಕೊಂಡು, ಆ ಕಾರನ್ನು ಮಾಡಿದವನ, ತನಗೆ ಮಾರಿದವನ, ಕೊನೆಗೆ ಕೊಂಡ ತನ್ನ ಹಣೆಬರಹದ ಏಳು ತಲೆಮಾರನ್ನೂ ಬಯ್ದ. ದೇವರ ಹಿಪ್ಪರಗಿ ದಾಟಿದ ಮೇಲೆ ಕಾರು ಹೀಗೆ ನಿಂತದ್ದು ಇದು ಎರಡನೆಯ ಸಲ. ಸುತ್ತ ಎರೆಹೊಲ ಬಿಟ್ಟರೆ ನೆರಳಿಗೆಂದು ಒಂದು ಜಾಲಿಯ ಗಿಡವೂ ಇರಲಿಲ್ಲ.

"ಸಾವಕಾಶ ತಿರುವ್ರಿ. ಕೈ ಮುರಕೊಂಡು ಕುಂತೀರಿ," ಎಂದಳು ಹೆಂಡತಿ ರೇವವ್ವ, ಕಾರಿನೊಳಗಿಂದ.

"ನೀ ಬಾಯಿ ಮುಚಗೊಂಡು ಕುಂಡ್ರು. ಹೊಂಟಾಗ ಕಣ್ಣೀರು ತಗದಿ ನೋಡು, ಅದಽ ಅಪಶಕುನ ಆತು."

ರೇವವ್ವನ ಮಡಿಲಲ್ಲಿ ಹೊಸ ಬಟ್ಟೆ ಮುಚ್ಚಿದ ತಾಟು, ಕಾಲ ಬಳಿ ಶೇಂಗಾ ಹೋಳಿಗೆಯ ಬುಟ್ಟಿ. ಪಕ್ಕದಲ್ಲಿ ಮಗಳು ಚಂದವ್ವ, ಇಲಕಲ್ಲ ಸೀರೆಯ ನೆರಿಗೆ ಹಾಳಾಗದಂತೆ ಸೆಟೆದು ಕೂತಿದ್ದಳು. ಇವತ್ತು ಅವಳ ನಿಶ್ಚಯ. ಗಂಡಿನವರು ಮಸೂತಿಯವರು. ಎರಡೂ ಊರಿಗೆ ನಡುವೆ ಆಗುತ್ತದೆಂದು ಬಾಗೇವಾಡಿಯ ಬಸವಣ್ಣನ ಗುಡಿಯಲ್ಲಿ ಕೂಡುವುದೆಂದು ಮಾತಾಗಿತ್ತು. ಹೊತ್ತು ನೆತ್ತಿಗೆ ಬರುವುದರೊಳಗೆ ಕುಂಕುಮ ಹಚ್ಚಿ ಸಕ್ಕರೆ ಹಂಚಿಬಿಡಬೇಕು. ಗಂಡಿನ ತಂದೆ ಅಮೋಘಸಿದ್ಧ ಒಂದೇ ಮಾತಿನ ಮನುಷ್ಯ. 'ಹೊತ್ತಿಗೆ ಬರೂ ಮಂದಿ ಕೂಡ ಬೀಗತನ ಮಾಡ್ತೇವ್ರಿ ನಾವು' ಎಂದು ನಗುತ್ತಲೇ ಹೇಳಿದ್ದ. ನಗುತ್ತ ಹೇಳಿದ ಮಾತೇ ಹೆಚ್ಚು ಚುಚ್ಚುವುದು.

ಮೊದಲು ಮುದ್ದೇಬಿಹಾಳದ ಕಡೆಯದೊಂದು ಸಂಬಂಧ ಕೈಗೆ ಬಂದು ತಪ್ಪಿತ್ತು. ಕಾರಣ ಯಾರೂ ಎದುರಿಗೆ ಹೇಳಲಿಲ್ಲ. 'ಅಣ್ಣತಮ್ಮಂದಿರು ಮಾರಿಗಿ ಮಾರಿ ನೋಡದ ಮನಿ' ಎಂದು ಅವರು ಆಡಿಕೊಂಡರೆಂದು ಆಮೇಲೆ ಕಿವಿಗೆ ಬಿತ್ತು. ಇದೂ ತಪ್ಪಿದರೆ ಸಿಂದಗಿಯಲ್ಲಿ ತಲೆ ಎತ್ತಿ ತಿರುಗುವಂತಿರಲಿಲ್ಲ. ನೆಂಟರೆಲ್ಲ ಮುಂಜಾನೆಯ ಬಸ್ಸಿಗೇ ಹೋಗಿದ್ದರು. 'ನಾವೂ ಬಸ್ಸಿಗೇ ಹೋಗೂನ್ರಿ' ಎಂದು ರೇವವ್ವ ಅಂದದ್ದಕ್ಕೆ ಬೀರಣ್ಣ ಉರಿದುಬಿದ್ದಿದ್ದ. ಸ್ವಂತ ಕಾರು ಇದ್ದವನ ಮಗಳು ಬಸ್ಸಿನಿಂದ ಇಳಿಯುವುದೇ? ಬೀಗರ ಕಣ್ಣೆದುರು ಚಂದವ್ವ ಕಾರಿನ ಬಾಗಿಲು ತೆಗೆದು ಇಳಿಯಬೇಕು. ಅದಕ್ಕಾಗಿಯೇ ನಿನ್ನೆ ಸಂಜೆ, ಈ ತುಟ್ಟಿಯ ಕಾಲದಲ್ಲಿ, ಅರ್ಧ ಟಾಕಿ ಪೆಟ್ರೋಲ್ ಹಾಕಿಸಿದ್ದ.

"ಯಪ್ಪಾ, ನಾ ಮುಂದ ಬಂದು ಕುಂತು ಎಕ್ಸಿಲೇಟರ್ ಒತ್ತಲೇನು?" ಚಂದವ್ವ ಕೇಳಿದಳು.

"ಬ್ಯಾಡ. ಸೀರಿಗೆ ಎಣ್ಣಿ ಹತ್ತೀತು."

ಆ ಕಾರಿನ ಗುಣವೇ ಹಾಗೆ. ಒಬ್ಬರು ಹೊರಗೆ ನಿಂತು ಹ್ಯಾಂಡಲ್ ತಿರುವಬೇಕು, ಅದೇ ಹೊತ್ತಿಗೆ ಒಬ್ಬರು ಒಳಗೆ ಕೂತು ಎಕ್ಸಿಲೇಟರ್ ಒತ್ತಬೇಕು. ಮೊದಲು ಹೊರಗೆ ತಮ್ಮ ಸೋಮನಿಂಗ ನಿಲ್ಲುತ್ತಿದ್ದ. ಕುರಿಯ ಹಿಂದೆ ತಿರುಗಿ ತಿರುಗಿ ಗಟ್ಟಿಯಾದ ತೋಳು. ಒಂದೇ ಸುತ್ತಿಗೆ ಕಾರು ಗುರ್ರೆನ್ನುತ್ತಿತ್ತು. ಎರಡು ವರ್ಷದಿಂದ ಬೀರಣ್ಣ ಬೇರೆ ಯಾರನ್ನೂ ಹ್ಯಾಂಡಲ್ ಮುಟ್ಟಗೊಟ್ಟಿಲ್ಲ. ಒಂದು ಬೇವಿನ ಕೋಲು ಕಡಿದಿಟ್ಟುಕೊಂಡಿದ್ದಾನೆ. ಅದರ ಒಂದು ತುದಿ ಎಕ್ಸಿಲೇಟರಿಗೆ, ಇನ್ನೊಂದು ತುದಿ ಸೀಟಿಗೆ ಕೊಟ್ಟು ಬಿಗಿದು, ಹೊರಗೆ ಓಡಿಬಂದು ತಿರುವುತ್ತಾನೆ. ಚಾಲೂ ಆದೊಡನೆ ಒಳಗೆ ಓಡಿ ಕೋಲು ಕೀಳುತ್ತಾನೆ. ಸಿಂದಗಿಯ ಬಸ್‌ಸ್ಟ್ಯಾಂಡಿನ ಮಂದಿ ಇದನ್ನು ನೋಡಿ ಹಲ್ಲು ಕಿರಿಯುವುದು ಅವನಿಗೂ ಗೊತ್ತು.

ಈಗ ಕೋಲು ಬಿಗಿದೇ ಇತ್ತು. ಕಾರು ಮಾತ್ರ ಉಸಿರು ಬಿಡಲಿಲ್ಲ. ಅವನು ಬಾನೆಟ್ ಎತ್ತಿದ. ಪ್ಲಗ್ಗಿನ ವಾಯರು ತೆಗೆದು ಕಬ್ಬಿಣಕ್ಕೆ ಹತ್ತಿರ ಹಿಡಿದು ತಿರುವಿ ನೋಡಿದ. ಚಟ್ಟನೆ ನೀಲಿ ಕಿಡಿ ಹಾರಿತು. ಕರೆಂಟಿಗೆ ಕೊರತೆಯಿಲ್ಲ. ಕಾರ್ಬುರೇಟರಿಗೆ ಹೋಗುವ ಪೈಪು ಬಿಚ್ಚಿದ. ಅಲ್ಲಿ ಹನಿ ಪೆಟ್ರೋಲ್ ಇಲ್ಲ. ಪಂಪಿನಾಚೆ, ಟಾಕಿಯಿಂದ ಬರುವ ಪೈಪು ಬಿಚ್ಚಿ ಬಾಯಿಟ್ಟು ಊದಿದ. ಮೊದಲು ಗಾಳಿ ಹೋಗಲೇ ಇಲ್ಲ, ಗಲ್ಲ ಉಬ್ಬಿ ಕಣ್ಣಲ್ಲಿ ನೀರು ಬಂತು. ಆಮೇಲೆ ಏನೋ ಒಂದು ಸರಿದಂತಾಗಿ, ಹಿಂದೆ ಟಾಕಿಯಲ್ಲಿ ಗುಳುಗುಳು ಸದ್ದಾಯಿತು. ಪೆಟ್ರೋಲ್ ತಾನಾಗಿ ಹರಿದು ಬಂತು. ಪೈಪು ಜೋಡಿಸಿ ತಿರುವಿದರೆ ಒಂದೇ ಪೆಟ್ಟಿಗೆ ಚಾಲೂ.

ಒಂದು ಹಳ್ಳ ದಾಟಿದರು, ಒಂದು ದಿನ್ನೆ ಏರಿದರು. ದಿನ್ನೆಯ ತಲೆಯ ಮೇಲೆ ಕಾರು ಎರಡು ಸಲ ಕೆಮ್ಮಿ ಮತ್ತೆ ಸತ್ತಿತು.

ಈ ಸಲ ಬೀರಣ್ಣ ಇಳಿಯಲಿಲ್ಲ. ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು ಮುಂದೆ ನೋಡುತ್ತ ಕೂತ. ಒಳಗೆ ಒಂದೊಂದೇ ಕೂಡಿಸಿ ನೋಡಿದ. ನಿಂತಾಗ ಸರಿಯಾಗುತ್ತದೆ, ಓಡುವಾಗ ಕಟ್ಟುತ್ತದೆ. ಅಂದರೆ ಪೈಪಿನಲ್ಲಿ ಏನೂ ಇಲ್ಲ, ಟಾಕಿಯಲ್ಲಿದೆ. ಪಂಪು ಎಳೆದಾಗ ಬಂದು ಪೈಪಿನ ಬಾಯಿಗೆ ಕೂರುತ್ತದೆ, ಊದಿದರೆ ದೂರ ಸರಿಯುತ್ತದೆ. ಟಾಕಿಯಲ್ಲಿ ತಾನು ಪೆಟ್ರೋಲ್ ಬಿಟ್ಟು ಏನೂ ಹಾಕಿಲ್ಲ. ಮತ್ತೆ ಯಾರು ಹಾಕಿದರು?

ಉತ್ತರ ಅವನ ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಎರಡು ವರ್ಷದಿಂದ ಏನು ಕೆಟ್ಟರೂ ಅದಕ್ಕೊಂದೇ ಉತ್ತರ.

"ಸೋಮ್ಯಾ," ಎಂದ. "ಆ ಸೂಳಿಮಗ ಟಾಕ್ಯಾಗ ಮಣ್ಣ ಹಾಕ್ಯಾನ."

"ಏನ ಮಾತಾಡ್ತೀರಿ!" ರೇವವ್ವ ಬೆಚ್ಚಿದಳು. "ಸೋಮಣ್ಣ ಅಂಥಾಂವಲ್ರಿ."

"ಮೊನ್ನೆ ಬನ್ನಿ ಹಬ್ಬದ ದಿನ ಸಂಜೀಕ ಬಂದಿದ್ದ ಇಲ್ಲೋ? ಮರುದಿನ ಮುಂಜಾನೆ ನೋಡ್ತೇನಿ, ಟಾಕಿ ಮುಚ್ಚಳ ಸಡಲ ಆಗಿತ್ತು. ನನಗ ಆವಾಗಽ ತಿಳೀಬೇಕಿತ್ತು. ಚಂದವ್ವನ ನಿಶ್ಚೆ ಅಂತ ಯಾರು ಹೇಳಿದ್ರು ಅವಗ? ನೀನಽ ಹೇಳಿರಬೇಕು. ಕೇಳಿಕೊಂಡು ಹೋಗಿ, ಹೊತ್ತು ನೋಡಿ ಹಾಕ್ಯಾನ!"

"ಹಬ್ಬದ ದಿನ ಬಾಗಲಿಗಿ ಬಂದಾಂವಗ ಒಳಗಿಂದ ಚಿಲಕ ಹಾಕಿದವರು ನೀವು," ಎಂದಳು ರೇವವ್ವ. "ವೈರಿ ಬಂದ್ರೂ ಆವತ್ತ ಬನ್ನಿ ತಗೋತಾರ."

ಅದು ನಿಜ. ಬನ್ನಿ ಹಿಡಿದು ಬಂದವನನ್ನು ಆ ಸೀಮೆಯಲ್ಲಿ ಯಾರೂ ಬಾಗಿಲಿಂದ ಕಳಿಸುವುದಿಲ್ಲ. 'ಬಂಗಾರ ತಗೊಂಡು ಬಂಗಾರದಂಗ ಇರೂನು' ಎಂದು ಚಿಕ್ಕವರು ಎಲೆ ಕೊಟ್ಟು ಕಾಲು ಮುಟ್ಟುತ್ತಾರೆ, ದೊಡ್ಡವರು ಎತ್ತಿ ಅಪ್ಪಿಕೊಳ್ಳುತ್ತಾರೆ. ವರ್ಷದ ಜಗಳ ಅಲ್ಲಿಗೆ ಮುಗಿಯಬೇಕು. ಬೀರಣ್ಣ ಮಾತ್ರ ಚಿಲಕ ಹಾಕಿ, ಬಾಗಿಲಿಗೆ ಬೆನ್ನುಕೊಟ್ಟು ನಿಂತಿದ್ದ. ಹೊರಗಿನಿಂದ 'ಅಣ್ಣಾ' ಎಂದ ದನಿಗೆ ಅವನ ಬೆನ್ನು ಬೆವರಿತ್ತು. ಅಣ್ಣನೆಂಬುದು ಈಗ ನೆನಪಾಯಿತೇ? ಅವ್ವನ ಮಣ್ಣಿಗೆ ಕೂಡಿದ ಊರ ಮಂದಿಯ ನಡುವೆ ಬೆರಳು ತೋರಿಸಿ, 'ಇವಗ ಹಡೆದವ್ವಗಿಂತ ಬಾಡಿಗಿ ಹೆಚ್ಚಾತು' ಎಂದವನು ಇವನೇ ಅಲ್ಲವೇ? ಕಾರು ಚಾಲೂ ಆಗಲಿಲ್ಲವೋ ಎಂದು ಬೀರಣ್ಣ ಅಳುತ್ತ ಹೇಳಿದರೆ, 'ಸುಳ್ಳ' ಎಂದು ಮುಖಕ್ಕೆ ಹೊಡೆದಂತೆ ಹೇಳಿದವನು ಇವನೇ ಅಲ್ಲವೇ?

ಆವತ್ತು ಹೊರ್ತಿಯ ಗೌಡರನ್ನು ಬಾಡಿಗೆಗೆ ಕೂರಿಸಿಕೊಂಡು ಬೀರಣ್ಣ ಇಂಡಿಗೆ ಹೋಗಿದ್ದ. ಇತ್ತ ತಾಯಿ ಶೇವಂತೆವ್ವನಿಗೆ ಎದೆ ಹಿಡಿಯಿತು. ಸುದ್ದಿ ಇಂಡಿಗೆ ಮುಟ್ಟಿದಾಗ ಕಾರು ಅಲ್ಲಿ ಕೋರ್ಟಿನ ಮುಂದೆ ಕಲ್ಲಾಗಿ ನಿಂತಿತ್ತು. ಅವನು ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾರು ನಿಂತದ್ದು ಸುಳ್ಳಲ್ಲ. ಸುಳ್ಳಲ್ಲ ಎಂಬ ಒಂದು ಮಾತನ್ನೇ ಅವನು ಎರಡು ವರ್ಷದಿಂದ ಹಲ್ಲು ಕಚ್ಚಿ ಹಿಡಿದುಕೊಂಡಿದ್ದ.

ಹಿಂದಿನಿಂದ ಹಾರ್ನ್ ಕೇಳಿಸಿತು. ಶೇಂಗಾ ಚೀಲ ಹೇರಿದ ಲಾರಿಯೊಂದು ದಿನ್ನೆ ಏರಿ ಬಂದು ಕಾರಿನ ಪಕ್ಕಕ್ಕೆ ನಿಂತಿತು. ಮೇಲಿನಿಂದ ತಲೆ ಹೊರಗೆ ಹಾಕಿದವನು ಯಾಕೂಬಸಾಬ. ಸಿಂದಗಿಯವನೇ. ಈ ರಸ್ತೆಗಳ ಮೇಲೆ ಬೀರಣ್ಣನಿಗಿಂತ ಹಳೆಯ ಡ್ರೈವರ್.

"ಏನ್ ಬೀರಣ್ಣ, ಎತ್ತು ಮಲಗೇತೇನು?"

"ಏಳ್ತೈತಿ. ನೀ ನಡಿ."

"ಏಳೂದರಾಗ ಹೊತ್ತು ಇಳೀತೈತಿ. ನಿಶ್ಚೆ ಇವತ್ತಲ್ಲೇನು? ಹೆಣ್ಣಮಕ್ಕಳನ್ನ ಕ್ಯಾಬಿನ್ಯಾಗ ಕುಂಡ್ರಸ್ತೇನಿ, ನೀನೂ ಹತ್ತು. ಕಾರಿಗೇನು ಆಗ್ತೈತಿ? ಕಳ್ಳರಿಗೆ ಕೈ ಎತ್ತಿ ಕೊಟ್ರೂ ಒಲ್ಲೆ ಅಂತಾರ."

"ಶೇಂಗಾ ಚೀಲದ ಜೋಡಿ ಇಳೀಬೇಕೇನು ನನ್ನ ಮಗಳು, ಬೀಗರ ಮುಂದ?" ಬೀರಣ್ಣ ಬಾಗಿಲು ತೆಗೆದು ಇಳಿದ. "ಐದ ಮಿನಿಟು. ಚಾಲೂ ಆಗ್ತೈತಿ. ನೀ ನಡಿ."

ಯಾಕೂಬಸಾಬ ನಡೆಯಲಿಲ್ಲ. ಬಾಯಿಯ ಬೀಡಿ ತೆಗೆದು ಬೀರಣ್ಣನನ್ನೇ ನೋಡಿದ. "ಆವತ್ತೂ ಹಿಂಗಽ ಅಂದಿದ್ದಿ ನೀ," ಎಂದ.

ಅಂದ ಮೇಲೆ ತಾನು ಏನು ಅಂದೆನೆಂದು ಅವನಿಗೇ ಹೊಳೆದಿರಬೇಕು. ಬೀಡಿಯನ್ನು ಮತ್ತೆ ಬಾಯಿಗೆ ಇಟ್ಟುಕೊಂಡು ಗೇರಿನ ಮೇಲೆ ಕೈ ಹಾಕಿದ. ಆದರೆ ಚಂದವ್ವ ಕಿಟಕಿಯಿಂದ ಮುಖ ಹೊರಗೆ ಹಾಕಿದ್ದಳು.

"ಯಾವತ್ತು, ಮಾಮಾ?"

"ಹೋಗಲಿ ಬಿಡು, ಮಗಳ."

"ಆಯಿ ಸತ್ತ ದಿನಾನಽ? ಇಂಡ್ಯಾಗೇನು?"

ಯಾಕೂಬಸಾಬ ರಸ್ತೆಯ ಕಡೆ ನೋಡಿದ. ಬೇರೆ ಉತ್ತರ ಬೇಕಾಗಲಿಲ್ಲ. ಚಂದವ್ವ ಕಾರಿನಿಂದ ಇಳಿದಳು. ಸೀರೆಯ ಅಂಚು ರಸ್ತೆಯ ಧೂಳಿಗೆ ತಾಗಿದ್ದನ್ನು ಅವಳು ಲೆಕ್ಕಿಸಲಿಲ್ಲ.

"ಅಂದ್ರ ಲಾರಿ ಬಂದಿತ್ತು," ಎಂದಳು ತಂದೆಗೆ. "ಸುದ್ದಿ ತಂದಾಂವ ಕರದಿದ್ದ. ನೀ ಹತ್ತಲಿಲ್ಲ."

"ಕಾರು ಊರ ನಡುವ ಬಿಟ್ಟು ಹೆಂಗ ಬರಬೇಕಿತ್ತು? ಇನ್ನ ಸ್ವಲ್ಪ ಹೊತ್ತಿಗೆ ಚಾಲೂ ಆಗತಿತ್ತು! ಚಾಲೂ ಆಗತಿತ್ತು ಅಂತನಽ..."

"ಆಯಿ ಬಾಜೂಕ ಕುಂತಾಕಿ ನಾನು, ಯಪ್ಪಾ. ಗಳಿಗಿಗೊಮ್ಮೆ 'ಕಾರಿನ ಸಪ್ಪಳಾತು, ನೋಡು' ಅಂತಿದ್ಳು. ಪ್ರತೀ ಸಲ ನಾ ಬಾಗಲ ತನಾ ಓಡಿ ಹೋಗಿ ನೋಡಿ ಬರ್ತಿದ್ದೆ. ಏನ ಹೇಳಬೇಕು ತಿಳೀದಽ 'ಬಂತು ಆಯಿ, ಹತ್ತರ ಬಂತು' ಅಂತ ಸುಳ್ಳ ಹೇಳ್ತಿದ್ದೆ."

ಬೀರಣ್ಣನ ಕೈ ಮೇಲೆದ್ದಿತು. ಬೆಳೆದ ಮಗಳ ಮೇಲೆ, ನಿಶ್ಚಯದ ದಿನ. ಚಂದವ್ವ ಹಿಂದೆ ಸರಿಯಲಿಲ್ಲ, ಕಣ್ಣೂ ಮಿಟುಕಿಸಲಿಲ್ಲ. ಕೈ ತಾನಾಗಿ ಇಳಿಯಿತು. ಅವಳು ತಿರುಗಿ, ನೆರಿಗೆ ಎತ್ತಿ ಹಿಡಿದು, ಲಾರಿಯ ಗಾಲಿಯ ಮೇಲೆ ಕಾಲಿಟ್ಟು ಕ್ಯಾಬಿನ್ ಏರಿ ಕೂತಳು.

"ಯವ್ವಾ, ತಾಟು ತಗೊಂಡು ಬಾ. ಹೊತ್ತಾಗ್ತೈತಿ."

ರೇವವ್ವ ಗಂಡನ ಮುಖ ನೋಡಿದಳು, ಮಗಳ ಮುಖ ನೋಡಿದಳು. ಆಮೇಲೆ ತಾಟು ಎತ್ತಿಕೊಂಡು, ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಹೊರಟಳು. "ನೀವೂ ಬರ್ರಿ," ಎಂದಳು. ಬೀರಣ್ಣ ಬಾನೆಟ್ಟಿನ ಕಡೆ ತಿರುಗಿದ. ಲಾರಿ ಹೊರಟುಹೋಯಿತು.

ಧೂಳು ಅಡಗಿದ ಮೇಲೆ ಅವನು ಕಾರಿಗೆ ಒದ್ದ. ಕಾಲಿಗೆ ನೋವಾಯಿತೇ ಹೊರತು ಕಾರಿಗೇನೂ ಆಗಲಿಲ್ಲ. ಒಳಗಿನಿಂದ ಬೇವಿನ ಕೋಲು ಕಿತ್ತು ತಂದು ಅದರ ಬೆನ್ನ ಮೇಲೆ ಬಾರಿಸಿದ. "ನಿನ್ನ ಸಲುವಾಗಿ ನನ್ನ ಪಾಲಿನ ಕುರಿ ಮಾರಿದೆ. ಅಪ್ಪನ ಕುರಿ! ನಿನ್ನ ಸಲುವಾಗಿ ಅವ್ವನ ಮಾರಿ ನೋಡಲಿಲ್ಲ. ಈಗ ಮಗಳು... ಈಗ ಮಗಳೂ..." ತಗಡು ಡಣ್ ಡಣ್ ಎಂದು ಸದ್ದು ಮಾಡಿತು. ಹಾಗೆ ಬಡಿಯುತ್ತ ಬಡಿಯುತ್ತ, ತಾನು ಬಯ್ಯುತ್ತಿರುವುದು ಕಾರನ್ನಲ್ಲ ಎಂಬುದು ಗೊತ್ತಾಗಿ ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಸಿಟ್ಟಿಗೆ ಒಂದು ಕೆಲಸ ಬೇಕು. ಮಣ್ಣು ಹಾಕಿದ್ದಾನಲ್ಲವೇ ಸೋಮ್ಯಾ? ಆ ಮಣ್ಣನ್ನೇ ಮುಷ್ಟಿ ತುಂಬ ಒಯ್ದು, ಹತ್ತು ಮಂದಿಯ ಮುಂದೆ ಅವನ ಮುಖಕ್ಕೆ ಎರಚುತ್ತೇನೆ ಎಂದುಕೊಂಡು ಬೀರಣ್ಣ ರೇಡಿಯೇಟರಿನ ನೀರಿನ ಡಬ್ಬಿ ಬರಿದು ಮಾಡಿದ. ಕಾರಿನ ಕೆಳಗೆ ಅಂಗಾತ ಮಲಗಿ, ಟಾಕಿಯ ತಳದ ತಿರುಪು ಬಿಚ್ಚಿ, ಡಬ್ಬಿ ಹಿಡಿದ. ಪೆಟ್ರೋಲ್ ಧಾರೆಯಾಗಿ ಬಂತು. ಡಬ್ಬಿ ಅರ್ಧವಾಗುವ ಮೊದಲೇ ಧಾರೆ ಸಣ್ಣದಾಯಿತು, ಹನಿಯಾಯಿತು, ನಿಂತಿತು. ಟಾಕಿ ಬರಿದಾಗಿ ಅಲ್ಲ, ಒಳಗೆ ಏನೋ ಬಂದು ತೂತಿಗೆ ಕೂತು. ಬೇಲಿಯ ತಂತಿಯ ತುಂಡೊಂದನ್ನು ಕೊಕ್ಕೆಯಂತೆ ಬಗ್ಗಿಸಿ ಒಳಗೆ ಆಡಿಸಿ ಎಳೆದ. ತಂತಿಯ ತುದಿಗೆ ಒದ್ದೆಯಾದ ಗೊಂಚಲೊಂದು ಬಂತು.

ಮಣ್ಣಲ್ಲ. ಅರಿವೆಯ ಚೂರೂ ಅಲ್ಲ. ಸಣ್ಣ ಸಣ್ಣ ಎಲೆ, ಸಣ್ಣ ಕಡ್ಡಿ.

ಅವನು ತಿರುಪು ಬಿಗಿದು, ಕೆಳಗಿನಿಂದ ಹೊರಳಿ ಬಂದು ಬಿಸಿಲಿಗೆ ಹಿಡಿದು ನೋಡಿದ. ಪೆಟ್ರೋಲಿನಲ್ಲಿ ನೆನೆದು ಹಸಿರು ಹೋಗಿತ್ತು, ಕಡ್ಡಿ ಕಪ್ಪಾಗಿತ್ತು. ಆದರೂ ಹುಟ್ಟಿದಾಗಿನಿಂದ ಪ್ರತಿ ವರ್ಷ ಕೈಯಲ್ಲಿ ಹಿಡಿದದ್ದು, ಗುರುತು ಸಿಗದೆ ಇರುತ್ತದೆಯೇ? ಬನ್ನಿ.

ಬೀರಣ್ಣ ರಸ್ತೆಯ ಅಂಚಿನಲ್ಲಿ ಕುಕ್ಕರಿಸಿದ.

ಅಪ್ಪ ಬದುಕಿದ್ದಾಗ ಬನ್ನಿಯ ಸಂಜೆ ಮನೆಯಲ್ಲಿ ಒಂದು ರೂಢಿಯಿತ್ತು. ಸೀಮೆಯಿಂದ ಬನ್ನಿ ತಂದವನು ಮೊದಲು ಬೀರದೇವರ ಮುಂದೆ ಇಟ್ಟು, ಆಮೇಲೆ ಮನುಷ್ಯರಿಗೆ ಕೊಡುವ ಮೊದಲು, ಕಾಳು ತುಂಬಿಡುವ ಹಗೇವಿನಲ್ಲಿ ನಾಲ್ಕು ಎಲೆ, ಬಾವಿಯಲ್ಲಿ ನಾಲ್ಕು ಎಲೆ, ಹಿಟ್ಟಿನ ಗಡಿಗೆಯಲ್ಲಿ, ಎಣ್ಣೆಯ ಕುಡಿಕೆಯಲ್ಲಿ ಹಾಕುತ್ತ ಹೋಗುತ್ತಿದ್ದ. 'ಹೊಟ್ಟಿ ಇದ್ದದ್ದಕ್ಕೆಲ್ಲ ಬಂಗಾರ ಬೀಳಬೇಕು. ಹೊಟ್ಟಿ ತಣ್ಣಗಿದ್ರ ಮನಿ ತಣ್ಣಗಿರ್ತೈತಿ' ಎನ್ನುತ್ತಿದ್ದ. ಇಬ್ಬರೂ ಮಕ್ಕಳು ಅವನ ಹಿಂದೆ ದೀಪ ಹಿಡಿದು ತಿರುಗುತ್ತಿದ್ದರು. ಕಾರು ಬಂದ ಮೇಲೆ ಬೀರಣ್ಣ ಅದನ್ನೆಲ್ಲ ಬಿಟ್ಟ. ಸೋಮನಿಂಗ ಬಿಟ್ಟಿರಲಿಲ್ಲ. ಪ್ರಪಂಚದಲ್ಲಿ ಕಾರಿಗೂ ಒಂದು ಹೊಟ್ಟೆ ಕಂಡವನು ಅವನೊಬ್ಬನೇ ಇರಬೇಕು.

ಚಿಲಕ ಹಾಕಿದ ಬಾಗಿಲಿನ ಮುಂದೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಕತ್ತಲಲ್ಲಿ ಕಾರಿನ ಸುತ್ತ ತಿರುಗಿ, ಮುಚ್ಚಳ ಹುಡುಕಿ ಬಿಚ್ಚಿ, ಎಲೆ ಹಾಕಿ, ಕೈ ಮುಗಿದು ಹೋದನೇ? ಚಂದವ್ವ ಕೂತು ಹೋಗುವ ಗಾಡಿ ಎಂದು? "ಹುಚ್ಚ ಸೂಳಿಮಗನಽ," ಎಂದ ಬೀರಣ್ಣ ಗಟ್ಟಿಯಾಗಿ, ಕೇಳುವವರು ಯಾರೂ ಇಲ್ಲದ ರಸ್ತೆಗೆ. ಮುಖಕ್ಕೆ ಎರಚಲು ಮಣ್ಣು ಬೇಕಾಗಿತ್ತು ಅವನಿಗೆ. ಇದನ್ನು ಏನು ಮಾಡುವುದು? ಮೂಗು ಸೋರಲು ಹತ್ತಿತು.

ತಲೆಗೆ ಸುತ್ತಿದ್ದ ಹೊಸ ಪಟಕಾ ಬಿಚ್ಚಿದ. ಬೀಗರ ಮುಂದೆ ಸುತ್ತಿಕೊಂಡು ನಿಲ್ಲಲೆಂದು ತಂದ ಗುಲಾಬಿ ಪಟಕಾ. ಅದರ ಸೆರಗನ್ನು ಟಾಕಿಯ ಬಾಯಿಗೆ ಹಿಡಿದು, ಡಬ್ಬಿಯ ಪೆಟ್ರೋಲನ್ನು ಅದರ ಮೇಲೆ ಸೋಸಿ ಸುರಿದ. ಮತ್ತೆ ಕೆಳಗೆ ಹೋಗಿ ಹಿಡಿದ, ಮತ್ತೆ ಮೇಲೆ ಬಂದು ಸೋಸಿದ. ಪ್ರತಿ ಸಲ ಬಟ್ಟೆಯ ಮೇಲೆ ನಾಲ್ಕಾರು ಎಲೆ ಉಳಿಯುತ್ತಿದ್ದವು. ಎಸೆಯಲು ಕೈ ಎತ್ತಿದ, ಎಸೆಯಲಾಗಲಿಲ್ಲ. ಎಲ್ಲವನ್ನೂ ಅಂಗಿಯ ಎದೆಯ ಕಿಸೆಗೆ ತುಂಬಿಕೊಂಡ. ಕೋಲು ಬಿಗಿದು, ಹ್ಯಾಂಡಲ್ ತಿರುವಿದ. ಕಾರು ಏನೂ ಆಗಿಯೇ ಇಲ್ಲವೆಂಬಂತೆ ಚಾಲೂ ಆಯಿತು. ಬಾಗೇವಾಡಿಯ ತನಕ ಎಲ್ಲಿಯೂ ನಿಲ್ಲಲಿಲ್ಲ.

ಗುಡಿಯ ಹತ್ತಿರ ಬಂದಾಗ ಹೊತ್ತು ನೆತ್ತಿ ದಾಟಿತ್ತು. ಒದ್ದೆ ಪಟಕಾವನ್ನೇ ಸುತ್ತಿಕೊಂಡು, ಎಣ್ಣೆಗೈಯನ್ನು ಧೋತರಕ್ಕೆ ಒರೆಸಿಕೊಂಡು, ಬೀರಣ್ಣ ಮೆಟ್ಟಿಲ ಕೆಳಗೆ ನಿಂತ. ಹೆಜ್ಜೆ ಮುಂದೆ ಹೋಗಲಿಲ್ಲ. ಬೀಗರು ಎದ್ದು ಹೋಗಿದ್ದರೆ ಎಂಬ ಅಂಜಿಕೆ. ಮೇಲೆ ಹಾಸಿದ ಜಮಖಾನೆ ಕಾಣಿಸಿತು. ಅದರ ಮೇಲೆ ಮಂದಿ ಇದ್ದರು. ಅಮೋಘಸಿದ್ಧ ನಡುವೆ ಕೂತಿದ್ದ.

"ಬರ್ರಿ ಬೀಗ್ರ, ಬರ್ರಿ," ಎಂದ ಅಮೋಘಸಿದ್ಧ. ನಗಲಿಲ್ಲ, ಆದರೆ ಪಕ್ಕಕ್ಕೆ ಸರಿದು ಜಾಗ ಮಾಡಿದ. "ಖರೇ ಹೇಳಬೇಕಂದ್ರ ನಾವು ಎದ್ದಿದ್ವಿ. ಹುಡುಗಿ ಲಾರ್ಯಾಗ ಬರ್ತಾಳ, ಅಪ್ಪಂದು ಪತ್ತೇ ಇಲ್ಲ. ಇದೆಂಥಾ ಮರ್ಯಾದಿ ಅಂತ ನಮ್ಮ ಮಂದಿ ಸಿಟ್ಟಾದ್ರು. ನಿಮ್ಮ ತಮ್ಮಗ ಶರಣಂತ ಹೇಳ್ರಿ. ಅಂವ ಈ ಮೆಟ್ಟಲಿಗೆ ಅಡ್ಡ ಕುಂತುಬಿಟ್ಟ."

ಬೀರಣ್ಣ ಆಗ ನೋಡಿದ. ಮೇಲಿನ ಮೆಟ್ಟಿಲ ಬದಿಗೆ, ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡು, ಕಂಬಕ್ಕೆ ಒರಗಿ ಸೋಮನಿಂಗ ಕೂತಿದ್ದ. ರೇವವ್ವನೇ ಹೇಳಿ ಕಳಿಸಿರಬೇಕು. ಎರಡು ವರ್ಷದಲ್ಲಿ ಮೀಸೆ ನೆರೆತಿತ್ತು. ಅವನು ಅಣ್ಣನ ಕಡೆ ನೋಡಲಿಲ್ಲ. ಗುಡಿಯ ಕಳಸ ನೋಡುತ್ತಿದ್ದ.

"'ನಮ್ಮಣ್ಣನ ಕಾರು ಹಳೇದು ಐತ್ರಿ,' ಅಂದ," ಅಮೋಘಸಿದ್ಧ ಎಲ್ಲರಿಗೂ ಕೇಳುವಂತೆ ಹೇಳಿದ. "'ಒಮ್ಮೊಮ್ಮೆ ಚಾಲೂ ಆಗೂದಿಲ್ಲ. ಅದಕ್ಕ ಅಂವ ಏನ ಮಾಡ್ಯಾನು? ಮನಿಶಾ ಸುಳ್ಳಾಗೂದಿಲ್ಲ. ಬಂದಽ ಬರ್ತಾನ. ಅಲ್ಲೀತನಾ ನನ್ನ ದಾಟಿಕೊಂಡು ಹೋಗ್ರಿ' ಅಂದ. ದಾಟಿ ಹೆಂಗ ಹೋಗೂದ್ರಿ ಮತ್ತ?"

ಮಂದಿ ನಕ್ಕರು. ಬೀರಣ್ಣನಿಗೆ ನಗು ಬರಲಿಲ್ಲ. 'ಸುಳ್ಳ' ಎಂದು ಊರೆದುರು ಹೇಳಿದ ಬಾಯಿಯೇ ಇವತ್ತು ಬೀಗರೆದುರು ಹೀಗೆ ಹೇಳಿತ್ತು. ಸಂತೋಷವಾಗಬೇಕಿತ್ತು. ಆದರೆ ಯಾರೋ ಎದೆಯ ಮೇಲೆ ಚೀಲ ಇಟ್ಟಂತಾಯಿತು.

ಕುಂಕುಮ ಹಚ್ಚಿದರು. ಹುಡುಗಿಯ ಕಡೆಯಿಂದ ತಾಟು ಹಿಡಿಯಲು ಅಪ್ಪ ಕಾಕಾ ಇಬ್ಬರೂ ಬರಲಿ ಎಂದು ಅಮೋಘಸಿದ್ಧ ಕರೆದ. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದೆ ಒಂದೇ ತಾಟಿನ ಎರಡು ಅಂಚು ಹಿಡಿದರು. ಚಂದವ್ವ ಮೊದಲು ಕಾಕಾನ ಕಾಲು ಮುಟ್ಟಿದಳು, ಆಮೇಲೆ ಅಪ್ಪನ ಕಾಲು. ಮೇಲೇಳುವಾಗ ಮೂಗಿಗೆ ಸೆರಗು ಹಿಡಿದಳು. ಪೆಟ್ರೋಲಿನ ವಾಸನೆ ಗುಡಿ ತುಂಬಿತ್ತು.

ಊಟ ಮುಗಿದು ಮಂದಿ ಎಲೆ ಅಡಿಕೆಗೆ ಕೂತಾಗ ಬೀರಣ್ಣ ಎದ್ದು ಕಾರಿನ ಹತ್ತಿರ ಬಂದ. ಹಿಂದೆಯೇ ಕೆರದ ಸದ್ದು ಬಂತು. ಅವನು ತಿರುಗಿದ. ಕಿಸೆಯಿಂದ ಆ ಮುದ್ದೆಯನ್ನು ತೆಗೆದು ತಮ್ಮನ ಮುಖದ ಮುಂದೆ ಹಿಡಿದ.

"ಟಾಕ್ಯಾಗ ಬನ್ನಿ ಹಾಕ್ತಾರೇನಲೇ, ಹುಚ್ಚ ಖೋಡಿ?"

ಎರಡು ವರ್ಷದ ಮೇಲೆ ತಮ್ಮನೊಡನೆ ಅವನು ಆಡಿದ ಮೊದಲ ಮಾತು ಇದು. ಸೋಮನಿಂಗ ಬಗ್ಗಿ ನೋಡಿದ.

"ಇದರಿಂದಽ ನಿಂತಿತ್ತೇನು?"

"ಮತ್ತೇನು! ನಡುರಸ್ತ್ಯಾಗ ನನ್ನ ಮಾನ ಹೋಗ್ತಿತ್ತು. ಕಾರಿನ ಮ್ಯಾಲ ಇಟ್ಟು ಹೋಗಾಕ ಏನಾಗಿತ್ತು ನಿನಗ?"

"ಗಾಳಿಗಿ ಹಾರಿ ಹೋಗ್ತಿತ್ತು. ನೀ ಬಾಗಲಾ ತಗೀಲಿಲ್ಲ. ತಂದ ಬಂಗಾರ ತಿರುಗಿ ಒಯ್ಯಬಾರದು ಅಂತಿದ್ದ ಅಪ್ಪ. ಹೊಟ್ಟಿ ಇದ್ದದ್ದಕ್ಕ ಹಾಕಿದೆ."

"ಅದು ಹೊಟ್ಟಿ ಅಲ್ಲಲೇ, ಟಾಕಿ!"

"ಎಣ್ಣಿ ಕುಡೀತೈತಿ ಅಂದ ಮ್ಯಾಲ ಹೊಟ್ಟೀನಽ ಅದು," ಎಂದ ಸೋಮನಿಂಗ. ಅವನ ದನಿಯೂ ಏರಿತ್ತು.

ಬೀರಣ್ಣ ಕೈಯಲ್ಲಿನ ಎಲೆಗಳನ್ನು ನೋಡಿದ. "ಸೋಮ್ಯಾ," ಎಂದ ಕೊನೆಗೆ. "ಆವತ್ತ ಇಂಡ್ಯಾಗ..."

"ಗೊತ್ತೈತಿ."

"ಏನ ಗೊತ್ತೈತಿ ನಿನಗ?"

"ಲಾರಿ ಬಂದಿತ್ತು. ನೀ ಹತ್ತಲಿಲ್ಲ. ಮಣ್ಣಿಗೆ ಬಂದಾಗನಽ ಹೇಳಿದ್ದ ಯಾಕೂಬ." ಸೋಮನಿಂಗ ಕಂಬಳಿಯನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡ. "ಆ ಸಿಟ್ಟು ನನಗ ಹೋಗಿಲ್ಲಣ್ಣ. ಸಾಯೂತನಾ ಹೋಗೂದಿಲ್ಲ. ಆದ್ರ ಅದಕ್ಕ ಚಂದವ್ವ ಏನ ಮಾಡ್ಯಾಳು?"

ಗುಡಿಯ ಕಡೆಯಿಂದ ಹೆಂಗಸರು ತಾಟು ಬುಟ್ಟಿ ಹಿಡಿದುಕೊಂಡು ಬರುತ್ತಿದ್ದರು. ಮುಂದೆ ಚಂದವ್ವ, ಮುಡಿಯಲ್ಲಿ ಬೀಗರು ಮುಡಿಸಿದ ಹೂ. ಬೀರಣ್ಣ ಎಲೆಗಳನ್ನು ತಮ್ಮನ ಅಂಗೈಯಲ್ಲಿ ಇಟ್ಟ. ಸೋಮನಿಂಗ ಮುಷ್ಟಿ ಮುಚ್ಚಿದ. ಬಗ್ಗಿ ಕಾಲು ಮುಟ್ಟಲಿಲ್ಲ. ಮುಷ್ಟಿಯನ್ನು ಕಿಸೆಗೆ ಇಳಿಸಿ, ಬರಿಗೈ ಹೊರಗೆ ತೆಗೆದ.

"ಹ್ಯಾಂಡಲ್ ಎಲ್ಲೈತಿ?"

ಬೀರಣ್ಣ ಬಾಗಿಲು ತೆಗೆದ. ಹ್ಯಾಂಡಲ್ ಸೀಟಿನ ಕೆಳಗಿತ್ತು, ಅದರ ಜೊತೆಗೇ ಬೇವಿನ ಕೋಲು. ಸೋಮನಿಂಗ ಎರಡನ್ನೂ ಎಳೆದುಕೊಂಡ. ಕೋಲಿನ ಒಂದು ತುದಿ ಎಕ್ಸಿಲೇಟರ್ ತಿಕ್ಕಿ ತಿಕ್ಕಿ ಕರ್ರಗೆ ಸವೆದಿತ್ತು. ಅದನ್ನು ತಿರುಗಿಸಿ ತಿರುಗಿಸಿ ನೋಡಿದ, ಏನೆಂದು ಕೇಳಲಿಲ್ಲ. ಕುರಿ ಕಾಯುವವರು ಹಿಡಿಯುವಂತೆ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕಾರಿನ ಮುಂದೆ ಹೋಗಿ ಬಗ್ಗಿದ.

"ಕುಂಡ್ರು ಒಳಗ," ಎಂದ. "ಒತ್ತು."